‘ಮುಟ್ಟಿತು’ ಎಂಬ ಮರುನುಡಿ

ಗದಗ ತಾಲೂಕಿನ ಅಸುಂಡಿಯಂತಹ ಊರಿನಲ್ಲಿ ‘ಏಜೆಂಟ್’ ಎಂದೊಡನೆ ನೆನಪಾಗುವವನು ವಿಮೆಯವನು, ಇಲ್ಲವೆ ಪೇಟೆಯ ದಲಾಲ. ನಮ್ಮ ಪರವಾಗಿ ಹೋಗಿ, ನಾವು ಹಾಕಿಕೊಟ್ಟ ಮೇರೆಯೊಳಗೆ ತನ್ನ ಬುದ್ಧಿಯನ್ನೂ ಬಳಸಿ ಕೆಲಸ ಮುಗಿಸಿ ಬರುವವನು. ಗಣಕಶಾಸ್ತ್ರದವರೂ ಈ ಮಾತನ್ನು ಬಹುಮಟ್ಟಿಗೆ ಇದೇ ಅರ್ಥದಲ್ಲಿ ಬಳಸುತ್ತಾರೆ. ಅವರ ಏಜೆಂಟನಿಗೆ ಮೈಯಿಲ್ಲ, ಅದೊಂದು ತಂತ್ರಾಂಶ, ಅಷ್ಟೆ.

ಇಂತಹ ಎರಡು ತಂತ್ರಾಂಶಗಳು ಎದುರಾದಾಗ ಯಾವುದು ಮೊದಲು ಮಾತನಾಡಬೇಕು, ಯಾವ ಪ್ರಶ್ನೆಗೆ ಯಾವ ಬಗೆಯ ಉತ್ತರ ಸಲ್ಲುತ್ತದೆ, ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂಬ ಒಪ್ಪಂದವೇ ಪ್ರೋಟೋಕಾಲ್. 1980ರಲ್ಲಿ ರೀಡ್ ಸ್ಮಿತ್ ಎಂಬ ವಿದ್ವಾಂಸರು ಪ್ರಕಟಿಸಿದ ‘ಕಾಂಟ್ರಾಕ್ಟ್ ನೆಟ್’ ಕ್ರಮವು ಗದಗಿನ ಮಾರುಕಟ್ಟೆಯಲ್ಲಿ ಟೆಂಡರು ಕಂಡವರಿಗೆ ಹೊಸದೆನಿಸದು: ಒಬ್ಬ ಕೆಲಸವನ್ನು ಸಾರುತ್ತಾನೆ, ಬಲ್ಲವರು ತಮ್ಮ ಬೇಡಿಕೆ ಮುಂದಿಡುತ್ತಾರೆ, ಯೋಗ್ಯನಿಗೆ ಕೆಲಸ ಒಪ್ಪಿಸಲಾಗುತ್ತದೆ. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿಯೂ ಗೂಗಲ್ 2025ರ ಏಪ್ರಿಲಿನಲ್ಲಿಯೂ ಇಂತಹ ಹೊಸ ಒಪ್ಪಂದಗಳನ್ನು ಹೊರತಂದವು. ಹೆಸರು ಹೊಸದು, ತೊಡಕು ಹಳೆಯದು.

ಆ ತೊಡಕು ಎಷ್ಟು ದಾರುಣವಾಗಬಲ್ಲದೆಂಬುದನ್ನು ಆಸ್ಪತ್ರೆಯ ಔಷಧಾಲಯದಲ್ಲಿ ಕಾಣಬೇಕು. ಅದೇ 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ, ನರಕ್ಕೆ ಏರಿಸುವ ದ್ರಾವಣದ ಮೇಲೆ. ಅದರ ಬಳಕೆ ನಿಲ್ಲಿಸಬೇಕೆಂದು ಸರಕಾರ ಆಜ್ಞೆ ಮಾಡಿತು.

‘ನಿಲ್ಲಿಸಿ’ ಎಂಬ ಈ ಒಂದು ಮಾತಿನ ಪಯಣವನ್ನು ಯೋಚಿಸೋಣ. ಸರಕಾರಿ ಸರಬರಾಜಿನ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲಿ ‘ಔಷಧ’ ಎಂಬ ಹೆಸರಿನದೇ ತಂತ್ರಾಂಶವಿದೆ. ಉಗ್ರಾಣದಿಂದ ಉಗ್ರಾಣಕ್ಕೆ ಮಾತು ಕ್ಷಣದಲ್ಲಿ ಮುಟ್ಟಬಹುದು. ಆದರೆ ವಾರ್ಡಿಗೆ ಕೊಟ್ಟ ಬಾಟಲಿ ಉಗ್ರಾಣದ ಪುಸ್ತಕದಲ್ಲಿ ಸಾಮಾನ್ಯವಾಗಿ ‘ಖರ್ಚು’. ಲೆಕ್ಕದಲ್ಲಿ ಇಲ್ಲದ ಬಾಟಲಿ ದಾದಿಯ ಕಪಾಟಿನಲ್ಲಿ ಇರುತ್ತದೆ! ಗದಗಿನ ವೈದ್ಯಕೀಯ ಸಂಸ್ಥೆಗೆ ಅಸುಂಡಿಯಿಂದ ಹೆರಿಗೆಗೆ ಹೋದ ಹೆಣ್ಣುಮಗಳಿಗೆ ಮುಖ್ಯವಾದದ್ದು ಪುಸ್ತಕವಲ್ಲ, ಆ ಕಪಾಟು.

ವಿಂಟ್ ಸರ್ಫ್, ರಾಬರ್ಟ್ ಕಾನ್ ಇಬ್ಬರೂ 1974ರಲ್ಲಿ ನಿರೂಪಿಸಿದ, ಇಂದಿಗೂ ಅಂತರಜಾಲಕ್ಕೆ ಆಧಾರವಾಗಿರುವ ಕ್ರಮದಲ್ಲಿ ಒಂದು ಕಟ್ಟುನಿಟ್ಟಿದೆ. ಕಳಿಸಿದ ತುಣುಕು ಮುಟ್ಟಿತೆಂಬ ಮರುನುಡಿ ಗೊತ್ತಾದ ವೇಳೆಯಲ್ಲಿ ಬಾರದಿದ್ದರೆ ಅದನ್ನು ಮತ್ತೆ ಕಳಿಸಬೇಕು. ಮೌನವೇ ಸಮ್ಮತಿಯೆಂಬ ನಮ್ಮ ಲೋಕರೂಢಿ ಅಲ್ಲಿ ನಡೆಯದು. ಕಚೇರಿಗಳ ಸುತ್ತೋಲೆಗಳಿಗೂ ಈ ಕಟ್ಟುನಿಟ್ಟು ಇದ್ದಿದ್ದರೆ ಎಂದು ನನಗೆ ಹಲವು ಸಲ ಅನಿಸಿದೆ. ಆದರೂ ಆ ಮರುನುಡಿ ಯಂತ್ರ ಯಂತ್ರಕ್ಕೆ ಕೊಟ್ಟದ್ದು. ಮಾತು ಮುಟ್ಟಿತು, ಓದಿ ತಿಳಿಯಲಾಯಿತು, ಬಾಟಲಿಗಳನ್ನು ಎಣಿಸಿ ಬೇರೆ ಇರಿಸಲಾಯಿತು: ಇವು ಮೂರು ಬೇರೆ ಬೇರೆ ಉತ್ತರಗಳು. ಔಷಧಾಲಯದ ಏಜೆಂಟು ಮೂರನೆಯದು ಬರುವವರೆಗೆ ಕೇಳುತ್ತಲೇ ಇರಬೇಕು. ಬಾರದ ವಾರ್ಡಿನ ಹೆಸರನ್ನು ಮೇಲಧಿಕಾರಿಗೆ ತಿಳಿಸಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಕಠಿಣ. ಈ ದ್ರಾವಣದ ವಿಷಯದಲ್ಲಿ ರಾಜ್ಯದ ಪ್ರಯೋಗಾಲಯ ಕಳಪೆಯೆಂದ ಕೆಲವು ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯೆಂದಿತ್ತು. ಎರಡೂ ಅಧಿಕೃತ ಮಾತುಗಳೇ. ಯಾವುದನ್ನು ನಂಬಬೇಕೆಂದು ಯಾವ ಪ್ರೋಟೋಕಾಲೂ ತಾನಾಗಿ ಹೇಳಲಾರದು. ಅದನ್ನು ಮನುಷ್ಯರು ಮೊದಲೇ ಬರೆದಿಡಬೇಕು. ನನ್ನ ಮಟ್ಟಿಗೆ ನಿಯಮ ಹೀಗಿರಬೇಕು: ಬ್ಯಾಚನ್ನು ತಡೆಹಿಡಿಯುವ ಅಧಿಕಾರ ತಂತ್ರಾಂಶಕ್ಕೂ ಇರಲಿ, ತಡೆದದ್ದನ್ನು ಬಿಡುವ ಅಧಿಕಾರ ಮಾತ್ರ ಹೆಸರು ಬರೆದು ರುಜು ಹಾಕುವ ಫಾರ್ಮಾಸಿಸ್ಟರದಾಗಿರಲಿ, ಆ ರುಜುವಿನ ಪಕ್ಕದಲ್ಲಿ ಎರಡೂ ವರದಿಗಳಿರಲಿ.