ಕಣದಲ್ಲಿಯೇ ಅಳೆದಿಡುವ ಪಾಲು

ಹಳ್ಳಿಯ ಕಣವನ್ನು ಬಲ್ಲ ಹಿರಿಯರಿಗೆ ಆಯದ ಪದ್ಧತಿ ಅಪರಿಚಿತವಲ್ಲ. ರಾಶಿಯೆದ್ದೊಡನೆ ಬಡಗಿ, ಕಮ್ಮಾರ, ಅಗಸ ಮೊದಲಾದವರ ಪಾಲನ್ನು ಅಲ್ಲಿಯೇ ಅಳೆದುಕೊಟ್ಟು, ಮಿಕ್ಕುದನ್ನು ರೈತನು ಮನೆಗೆ ಸಾಗಿಸುತ್ತಿದ್ದನು. ಕಣಜಕ್ಕೆ ಬಿದ್ದ ಧಾನ್ಯವನ್ನು ಮತ್ತೊಬ್ಬರಿಗಾಗಿ ಹೊರತೆಗೆಯುವುದು ಎಷ್ಟು ಕಷ್ಟವೆಂಬುದನ್ನು ಅವನು ಅರಿತಿದ್ದನು. ಯಾರ ಕಚೇರಿಗೂ ನೌಕರರಾಗದೆ ಬರೆದೋ, ಭಾಷಾಂತರಿಸಿಯೋ, ಚಿತ್ರ ರಚಿಸಿಯೋ ದುಡಿಯುವ, ಈಗ ಫ್ರೀಲಾನ್ಸರ್ ಎನಿಸಿಕೊಂಡಿರುವ ಸ್ವತಂತ್ರ ವೃತ್ತಿಯವರು ಆದಾಯ ತೆರಿಗೆಯ ವಿಷಯದಲ್ಲಿ ಆ ರೈತನನ್ನು ನೆನೆಯುವುದು ಲೇಸು.

ನನ್ನಂತಹ ಸಂಬಳಗಾರನ ತೆರಿಗೆಯನ್ನು ಬಟವಾಡೆಗೆ ಮುಂಚೆಯೇ ಹಿಡಿದುಕೊಳ್ಳುತ್ತಾರೆ. ಕಾಣದ ಹಣಕ್ಕೆ ಆಸೆಯೂ ಹುಟ್ಟದು. (ಇದನ್ನು ಅನುಕೂಲವೆಂದರೆ ನನ್ನ ಸಹೋದ್ಯೋಗಿಗಳು ನಕ್ಕಾರು.) ನಮ್ಮ ದೇಶದ ಸಂಸ್ಥೆಗಳು ವೃತ್ತಿಸಂಭಾವನೆಯಲ್ಲಿಯೂ, ಒಂದು ಮಿತಿಯನ್ನು ದಾಟಿದರೆ, ಸಾಮಾನ್ಯವಾಗಿ ನೂರಕ್ಕೆ 10ರಂತೆ ಮೂಲದಲ್ಲಿಯೇ ಕಡಿತ ಮಾಡುವುದುಂಟು. ಹೊರದೇಶದ ಗಿರಾಕಿಗಳ ಹಣವಾದರೋ ಸಾಮಾನ್ಯವಾಗಿ ಇಡಿಯಾಗಿ ಕೈಸೇರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹಾಗೆ ಬಂದ ಹಣವೆಲ್ಲವೂ ತನ್ನದೆಂದು ಭಾವಿಸಿ, ತಂಗಿಯ ಮದುವೆಗೆ ವೆಚ್ಚಮಾಡಿ, ಬಳಿಕ ತೆರಿಗೆ ಕಟ್ಟಲು ಸಾಲ ಮಾಡಿದನು.

ಲೆಕ್ಕವನ್ನೇ ನೋಡೋಣ. 2025–26ರಲ್ಲಿ ಖರ್ಚು ಕಳೆದು 16 ಲಕ್ಷ ರೂಪಾಯಿ ಆದಾಯವುಳ್ಳವನಿಗೆ ಹೊಸ ಪದ್ಧತಿಯ ದರದಂತೆ ಉಪಕರವೂ ಸೇರಿ 1,24,800 ರೂಪಾಯಿ ತೆರಿಗೆ, ತಿಂಗಳಿಗೆ 10,400. ಕಡಿತವನ್ನು ಕಳೆದಮೇಲೆ ತೆರಿಗೆ 10,000 ರೂಪಾಯಿಗೆ ಕಡಮೆಯಿಲ್ಲದಿದ್ದರೆ ಅದನ್ನು ವರ್ಷದೊಳಗೇ ಮುಂಗಡವಾಗಿ ಸಲ್ಲಿಸಬೇಕು: ಜೂನ್ 15ಕ್ಕೆ ನೂರರಲ್ಲಿ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ವೈದ್ಯರು, ವಕೀಲರು, ಎಂಜಿನಿಯರರು ಮೊದಲಾಗಿ ಕಾನೂನು ಹೆಸರಿಸಿದ ಕೆಲವು ವೃತ್ತಿಗಳವರು ಅಂದಾಜು ಆದಾಯದ ಕ್ರಮವನ್ನು ಆರಿಸಿಕೊಂಡರೆ ಮಾರ್ಚಿಯಲ್ಲಿ ಒಂದೇ ಕಂತು ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ತಿಂಗಳ ಕೊನೆಯಲ್ಲಿ ಉಳಿದುದನ್ನು ತೆಗೆದಿಡುವವನ ಬಳಿ ಡಿಸೆಂಬರ್ 15ಕ್ಕೆ ಎಂಟು ತಿಂಗಳ 83,200 ಮಾತ್ರವಿರುತ್ತದೆ, ಬೇಕಾದುದು 93,600. ತಿಂಗಳ ಮೊದಲಲ್ಲಿಯೇ ತೆಗೆದಿಟ್ಟವನ ಬಳಿ ಸರಿಯಾಗಿ 93,600 ಇರುತ್ತದೆ! ಒಂದು ಕಂತನ್ನೂ ಕಟ್ಟದೆ ಜುಲೈ ಕೊನೆಗೆ ಹೋದವನಿಗೆ ತಿಂಗಳಿಗೆ ನೂರಕ್ಕೆ 1ರ ಎರಡು ಬಗೆಯ ಬಡ್ಡಿ ಸೇರಿ 11,000 ರೂಪಾಯಿಗೂ ಮೀರುತ್ತದೆ. ಎಂದರೆ ಒಂದು ತಿಂಗಳ ಪಾಲಿಗಿಂತಲೂ ಹೆಚ್ಚು.

ವರಮಾನವು ತಿಂಗಳಿಂದ ತಿಂಗಳಿಗೆ ಏರಿಳಿಯುವವರು ಗೊತ್ತಾದ ಮೊತ್ತಕ್ಕೆ ಬದಲು ಪ್ರತಿಯೊಂದು ಸಂಭಾವನೆಯಲ್ಲಿಯೂ ಒಂದು ಅಂಶವನ್ನು ತೆಗೆದಿಡುವುದು ಯುಕ್ತ. ಮೇಲಿನ ಲೆಕ್ಕದಲ್ಲಿ ಅದು ನಿವ್ವಳ ಆದಾಯದ ನೂರಕ್ಕೆ ಸುಮಾರು 8. ಆದರೆ ಸಂಪಾದನೆ 16 ಲಕ್ಷವನ್ನು ದಾಟಿತೋ, ಅದರ ಮೇಲಿನ ಮೊದಲ ಲಕ್ಷಕ್ಕೆ 20,800 ರೂಪಾಯಿ ಬೇಕು. ಹಳೆಯ ಅಂಶ ಸಾಲದು. ಒಳ್ಳೆಯ ವರ್ಷಗಳಲ್ಲಿ ಜನ ಎಡವುವುದು ಇಲ್ಲಿಯೇ.

ಆ ವಿದ್ಯಾರ್ಥಿಯು ಈಗ ಬೇರೊಂದು ಬ್ಯಾಂಕ್ ಖಾತೆಯನ್ನು ತೆರೆದು, ಹಣ ಬಂದ ದಿನವೇ ಪಾಲನ್ನು ಅದಕ್ಕೆ ಸಾಗಿಸುತ್ತಾನೆ. ಅವನ ತಾಯಿ ಆ ಖಾತೆಗೆ ‘ಸರ್ಕಾರದ ಹುಂಡಿ’ ಎಂದು ಹೆಸರಿಟ್ಟಿದ್ದಾರೆ.