ಹೊರಗಿನ ಭಯ, ಒಳಗಿನ ಬಾಯಿಬೀಗ



ಅಮೆರಿಕ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಹಣದಲ್ಲೂ ಸೈನ್ಯದಲ್ಲೂ ಎಣೆಯಿಲ್ಲದ ದೇಶ. ಇನ್ನೂರು ಚಿಲ್ಲರೆ ವರ್ಷಗಳ ಹಿಂದಿನ ಅಮೆರಿಕ ಹಾಗಿರಲಿಲ್ಲ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷನಾದಾಗ ಸ್ವಾತಂತ್ರ್ಯಯುದ್ಧಕ್ಕೆಂದು ಮಾಡಿದ ಸಾಲವೇ ಸುಮಾರು 7.5 ಕೋಟಿ ಡಾಲರ್ ತಲೆಯ ಮೇಲಿತ್ತು. ಯುದ್ಧಕಾಲದ ನೌಕಾಪಡೆಯ ಕೊನೆಯ ಹಡಗನ್ನೂ ಮಾರಿಯಾಗಿತ್ತು. ಅಂಥ ಬಡ ಗಣರಾಜ್ಯ ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ಜಗಳದ ನಡುವೆ ಸಿಕ್ಕಿ, ಎರಡು ಕೋಣಗಳ ಕಾದಾಟದಲ್ಲಿ ತುಳಿತಕ್ಕೆ ಸಿಕ್ಕ ಗಿಡದಂತಾಯಿತು. ಹೊರಗಿನ ಆ ಭಯವನ್ನೇ ಮುಂದಿಟ್ಟುಕೊಂಡು ಒಳಗಿನವರ ಬಾಯಿಗೆ ಬೀಗ ಹಾಕಲು ಸರಕಾರ ಹೊರಟ ಕತೆಯನ್ನು ಇವತ್ತು ಹೇಳುತ್ತೇನೆ.

ಜಗಳದ ಬೇರು ದುಡ್ಡಿನಲ್ಲಿತ್ತು. ಹಣಕಾಸು ಮಂತ್ರಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಸಾಲವನ್ನೆಲ್ಲ ಕೇಂದ್ರ ಸರಕಾರದ ಲೆಕ್ಕಕ್ಕೆ ತೆಗೆದುಕೊಂಡ. 1791ರಲ್ಲಿ 1 ಕೋಟಿ ಡಾಲರ್ ಬಂಡವಾಳದ ಬ್ಯಾಂಕು ತೆರೆಸಿದ. ಬ್ಯಾಂಕಿನ ಲೆಡ್ಜರುಗಳ ನಡುವೆಯೇ ತಲೆ ನೆರೆಸಿಕೊಂಡ ನನಗೆ ಈತನ ಲೆಕ್ಕ ಒಪ್ಪಿಗೆಯಾಗುತ್ತದೆ. ಹಳೆಯ ಸಾಲ ಸರಿಯಾಗಿ ತೀರಿಸುವವನಿಗಲ್ಲವೇ ಹೊಸ ಸಾಲ ಹುಟ್ಟುವುದು? ಆದರೆ ವಿದೇಶಾಂಗ ಮಂತ್ರಿ ಥಾಮಸ್ ಜೆಫರ್ಸನ್ನನಿಗೆ ಇದು ಸಾಹುಕಾರರ ರಾಜ್ಯವಾದೀತೆಂಬ ಅಂಜಿಕೆ. ಅವನ ಭರವಸೆಯೆಲ್ಲ ಸ್ವಂತ ಜಮೀನು ಉಳುವ ರೈತನ ಮೇಲೆ. ಅದೇ ಜೆಫರ್ಸನ್ನನ ಜಮೀನನ್ನು ಉಳುತ್ತಿದ್ದವರು ಗುಲಾಮರು, ಆ ಮಾತು ಬೇರೆ.

ಇಲ್ಲಿಗೆ ವಿದೇಶ ಹೇಗೆ ಬಂತು ಕೇಳಿ. ಹ್ಯಾಮಿಲ್ಟನ್ನನ ಖಜಾನೆ ತುಂಬುತ್ತಿದ್ದುದು ಬಹುಪಾಲು ಆಮದು ಸುಂಕದಿಂದ. ಆಮದಿನ ಬಹುಪಾಲು ಬರುತ್ತಿದ್ದುದು ಇಂಗ್ಲೆಂಡಿನಿಂದ. ಇಂಗ್ಲೆಂಡಿನೊಡನೆ ಕೈಕೈ ಮಿಲಾಯಿಸಿದರೆ ಬಡ್ಡಿ ಕಟ್ಟಲೂ ಹಣವಿರುವುದಿಲ್ಲ. ಜೆಫರ್ಸನ್ನನ ಕಡೆಯವರೋ, ಸ್ವಾತಂತ್ರ್ಯಯುದ್ಧದಲ್ಲಿ ಕೈ ಹಿಡಿದ ಫ್ರಾನ್ಸನ್ನು ಮರೆಯಬಾರದು ಎನ್ನುವವರು. 1778ರ ಮೈತ್ರಿ ಒಪ್ಪಂದ ಇನ್ನೂ ಜಾರಿಯಲ್ಲಿತ್ತು. ಹೀಗೆ ಹ್ಯಾಮಿಲ್ಟನ್ನನ ಹಿಂದೆ ಫೆಡರಲಿಸ್ಟರು, ಜೆಫರ್ಸನ್ನನ ಹಿಂದೆ ರಿಪಬ್ಲಿಕನ್ನರು ಎಂದು ಎರಡು ಪಕ್ಷಗಳಾದವು. ಒಬ್ಬರು ಇನ್ನೊಬ್ಬರನ್ನು ಪರದೇಶದ ಏಜೆಂಟರೆಂದೇ ಕರೆಯತೊಡಗಿದರು.

1793ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹೊತ್ತಿಕೊಂಡಿತು. ವಾಷಿಂಗ್ಟನ್ ತಟಸ್ಥ ನೀತಿ ಸಾರಿದ. ಆದರೆ ಸಮುದ್ರದ ಮೇಲೆ ತಟಸ್ಥನ ಹಡಗಿಗೆ ಗೌರವ ಕೊಡುವವರು ಯಾರು? ಮೊದಲು ಇಂಗ್ಲಿಷರು ಹಿಡಿದರು. 1794ರಲ್ಲಿ ಜಾನ್ ಜೇ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡು ಯುದ್ಧ ತಪ್ಪಿಸಿದ. ಇಂಗ್ಲಿಷರ ಕೈಯಲ್ಲಿದ್ದ ಹಿಂದೂಸ್ಥಾನದ ಬಂದರುಗಳಲ್ಲಿ ಅಮೆರಿಕದ ಹಡಗುಗಳು ವ್ಯಾಪಾರ ಮಾಡಬಹುದೆಂಬುದೂ ಅದರಲ್ಲಿತ್ತು. ಊರಿನ ಜನ ಮಾತ್ರ ಜೇಯ ಪ್ರತಿಕೃತಿ ಮಾಡಿ ಸುಟ್ಟರು. ಫ್ರೆಂಚರಿಗೂ ಸಿಟ್ಟು ಬಂತು. 1797ರ ನಡುವಿನ ಹೊತ್ತಿಗೆ ಅವರು ಹಿಡಿದ ಅಮೆರಿಕನ್ ಹಡಗುಗಳು 300 ದಾಟಿದ್ದವು.

ಅಷ್ಟರಲ್ಲಿ ಫೆಡರಲಿಸ್ಟ್ ಪಕ್ಷದ ಜಾನ್ ಆಡಮ್ಸ್ ಅಧ್ಯಕ್ಷನಾಗಿದ್ದ. 71 ಮತ ಅವನಿಗೆ, 68 ಮತ ಜೆಫರ್ಸನ್ನನಿಗೆ. ಅಂದಿನ ನಿಯಮದಂತೆ ಎರಡನೆಯವನೇ ಉಪಾಧ್ಯಕ್ಷ. ಸವತಿಯರಿಬ್ಬರಿಗೆ ಒಂದೇ ಅಡಿಗೆಮನೆ ಕೊಟ್ಟ ಹಾಗೆ! ಆಡಮ್ಸ್ ರಾಜಿಗೆಂದು ಪ್ಯಾರಿಸ್ಸಿಗೆ ಮೂವರನ್ನು ಕಳಿಸಿದ. ಅಲ್ಲಿನ ವಿದೇಶಾಂಗ ಮಂತ್ರಿ ತಾಲಿರಾಂದನ ದಲ್ಲಾಳಿಗಳು, ಮಾತುಕತೆ ಶುರುವಾಗಬೇಕಾದರೆ ಮಂತ್ರಿಗೆ ಸುಮಾರು 2.5 ಲಕ್ಷ ಡಾಲರ್ ಲಂಚ ಕೊಡಿ, ಫ್ರಾನ್ಸಿಗೆ ದೊಡ್ಡ ಸಾಲವನ್ನೂ ಕೊಡಿ ಎಂದರು. 1798ರ ಏಪ್ರಿಲ್ಲಿನಲ್ಲಿ, ದಲ್ಲಾಳಿಗಳ ಹೆಸರಿನ ಜಾಗದಲ್ಲಿ ಎಕ್ಸ್, ವೈ, ಝಡ್ ಎಂದು ಬರೆದ ಕಾಗದಪತ್ರಗಳು ಬಯಲಾದಾಗ ದೇಶ ರೊಚ್ಚಿಗೆದ್ದಿತು. ನೌಕಾ ಇಲಾಖೆ ಹುಟ್ಟಿತು. ಯುದ್ಧ ಸಾರದೆಯೇ ಸಮುದ್ರದಲ್ಲಿ ಗುಂಡು ಹಾರಿದವು.

ಫ್ರೆಂಚರ ಭಯ ಅದೇ ಹೊತ್ತಿಗೆ ನಮ್ಮ ಕಡೆಯನ್ನೂ ಮುಟ್ಟಿತ್ತು. ಟಿಪ್ಪು ಸುಲ್ತಾನ ಫ್ರೆಂಚರ ನೆರವು ಕೇಳಿದ್ದನ್ನೇ ಕಾರಣವಾಗಿ ಹಿಡಿದು ವೆಲ್ಲೆಸ್ಲಿ ಯುದ್ಧ ಹೂಡಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು; ಬೇಕಲ, ಕಾಸರಗೋಡುಗಳ ಸೀಮೆ ಕುಂಪಣಿಯ ಪಾಲಾಯಿತು.

ಅಮೆರಿಕದಲ್ಲಿ ಆ ಭಯ ಕಾನೂನಿನ ರೂಪ ತಾಳಿತು. 1798ರ ಜೂನ್, ಜುಲೈ ತಿಂಗಳಲ್ಲಿ ಒಂದರ ಹಿಂದೆ ಒಂದು ನಾಲ್ಕು ಕಾಯಿದೆ. ಪೌರತ್ವಕ್ಕೆ 5 ವರ್ಷ ಇದ್ದ ವಾಸದ ಅವಧಿ 14 ವರ್ಷವಾಯಿತು; ಹೊಸದಾಗಿ ಬಂದ ಐರಿಷರು, ಫ್ರೆಂಚರು ಜೆಫರ್ಸನ್ನನಿಗೆ ಮತ ಹಾಕುತ್ತಾರೆಂಬ ಗುಮಾನಿ. ಪರದೇಶದವರನ್ನು ಗಡೀಪಾರು ಮಾಡಲು, ಬಂಧಿಸಲು ಅಧ್ಯಕ್ಷನಿಗೆ ಅಧಿಕಾರ ಕೊಡುವವು ಎರಡು. ನಾಲ್ಕನೆಯದೇ ರಾಜದ್ರೋಹದ ಕಾಯಿದೆ. ಕೆಳಮನೆಯಲ್ಲಿ ಅದು ಪಾಸಾದದ್ದು 44ಕ್ಕೆ 41 ಮತಗಳಿಂದ. ಸರಕಾರ, ಶಾಸನಸಭೆ ಅಥವಾ ಅಧ್ಯಕ್ಷನ ಮೇಲೆ ದುರುದ್ದೇಶದಿಂದ ಸುಳ್ಳು ಬರೆದರೆ 2,000 ಡಾಲರುವರೆಗೆ ದಂಡ, 2 ವರ್ಷದವರೆಗೆ ಸಜೆ.

ಈ ಪಟ್ಟಿಯಲ್ಲಿ ಉಪಾಧ್ಯಕ್ಷ ಇಲ್ಲ, ಗಮನಿಸಿದಿರಾ? ಆ ಕುರ್ಚಿಯಲ್ಲಿದ್ದವನು ಜೆಫರ್ಸನ್. ಅವನನ್ನು ಎಷ್ಟು ಬೈದರೂ ಅಡ್ಡಿಯಿಲ್ಲ. ಕಾಯಿದೆಯ ಆಯುಷ್ಯವೂ 1801ರ ಮಾರ್ಚ್ 3ಕ್ಕೆ, ಅಂದರೆ ಆಡಮ್ಸನ ಅವಧಿಯ ಕೊನೆಯ ದಿನಕ್ಕೆ, ಮುಗಿಯುತ್ತಿತ್ತು. ಬರೆದದ್ದು ಸತ್ಯವೆಂದು ರುಜುವಾತು ಮಾಡಿದರೆ ಬಿಡುಗಡೆ ಎಂಬ ಒಳ್ಳೆಯ ಮಾತೂ ಅದರಲ್ಲಿತ್ತು. ಆದರೆ 'ಅಧ್ಯಕ್ಷನಿಗೆ ಆಡಂಬರದ ಹುಚ್ಚು' ಎಂದು ಬರೆದವನು ಅದಕ್ಕೆ ಯಾವ ರಶೀದಿ ತಂದು ತೋರಿಸಬೇಕು?

ಆ ಸಂಕಟ ಬಂದದ್ದು ವರ್ಮೌಂಟ್ ರಾಜ್ಯದ ಸದಸ್ಯ ಮ್ಯಾಥ್ಯೂ ಲಯನ್ನನಿಗೆ. ಐರ್ಲೆಂಡಿನಿಂದ ಬಂದವನು, ಸಿಡುಕ. ಅದೇ ವರ್ಷ ಸಭೆಯಲ್ಲೇ ಫೆಡರಲಿಸ್ಟ್ ಗ್ರಿಸ್‌ವೋಲ್ಡನ ಮುಖಕ್ಕೆ ಉಗಿದಿದ್ದ. ಆತ ಬೆತ್ತದಿಂದ ಬಾರಿಸಿದಾಗ ಈತ ಅಗ್ಗಿಷ್ಟಿಕೆಯ ಇಕ್ಕಳ ಎತ್ತಿಕೊಂಡ. ಲಯನ್ ಪತ್ರಿಕೆಗೆ ಬರೆದ ಒಂದು ಕಾಗದದಲ್ಲಿ ಆಡಮ್ಸನ ಆಡಂಬರವನ್ನೂ ದುರಾಸೆಯನ್ನೂ ಹಳಿದಿದ್ದ. ಕಾಗದ ಬರೆದದ್ದು ಕಾಯಿದೆಗೆ ಮುಂಚೆ, ಅಚ್ಚಾದದ್ದು ಆಮೇಲೆ. ಅಕ್ಟೋಬರಿನಲ್ಲಿ 4 ತಿಂಗಳ ಸಜೆ, 1,000 ಡಾಲರ್ ದಂಡ. ಆಗ ಸದಸ್ಯರ ಭತ್ಯೆ ಸಭೆ ಸೇರಿದ ದಿನಕ್ಕೆ 6 ಡಾಲರ್. ಅಂದರೆ ಸುಮಾರು 167 ದಿನಗಳ ಸಂಪಾದನೆ. ಜನ ಏನು ಮಾಡಿದರು ಗೊತ್ತೇ? ಆತ ಜೈಲಿನಲ್ಲಿದ್ದಂತೆಯೇ ಮತ್ತೆ ಗೆಲ್ಲಿಸಿದರು.

ದೊಡ್ಡ ಪತ್ರಿಕೆಗಳವರನ್ನಷ್ಟೇ ಹಿಡಿದರೆನ್ನಬೇಡಿ. ನ್ಯೂವಾರ್ಕಿನಲ್ಲಿ ಅಧ್ಯಕ್ಷನ ಸ್ವಾಗತಕ್ಕೆ ತೋಪು ಹಾರಿಸಿದಾಗ, ಗುಂಡು ಅವನ ಹಿಂಭಾಗಕ್ಕೇ ಬೀಳಲಿ ಎಂಬರ್ಥದ ಮಾತಾಡಿದ ಲೂಥರ್ ಬಾಲ್ಡ್‌ವಿನ್ ಎಂಬ ಕುಡುಕನಿಗೂ ದಂಡ ಬಿತ್ತು!

ಆಡಮ್ಸನನ್ನು ಬರೀ ದೂರುವುದು ನ್ಯಾಯವಲ್ಲ. ಸ್ವಪಕ್ಷದ ಹ್ಯಾಮಿಲ್ಟನ್ ಸೈನ್ಯ ಕಟ್ಟುತ್ತ ಕತ್ತಿ ಮಸೆಯುತ್ತಿರುವಾಗಲೇ, 1799ರಲ್ಲಿ ಆತ ಮತ್ತೆ ರಾಯಭಾರಿಗಳನ್ನು ಫ್ರಾನ್ಸಿಗೆ ನೇಮಿಸಿದ. 1800ರ ಸೆಪ್ಟೆಂಬರ್ 30ರಂದು ಒಪ್ಪಂದವಾಯಿತು. ಆದರೆ ಸುದ್ದಿ ಹಡಗಿನಲ್ಲಿ ಬರುವಷ್ಟರಲ್ಲಿ ಚುನಾವಣೆ ಕೈತಪ್ಪಿತ್ತು, ಪಕ್ಷವೂ ಒಡೆದಿತ್ತು. ಆಡಮ್ಸನಿಗೆ 65, ಜೆಫರ್ಸನ್ನನಿಗೂ ಅವನ ಜತೆಗಾರ ಆರನ್ ಬರ್ರನಿಗೂ ತಲಾ 73. ಕೆಳಮನೆಯಲ್ಲಿ ರಾಜ್ಯಕ್ಕೊಂದು ಮತದಂತೆ 36 ಸಲ ಮತದಾನ ನಡೆಯಿತು. ಕೊನೆಯ ಸಲ ವರ್ಮೌಂಟಿನ ಫೆಡರಲಿಸ್ಟ್ ಸದಸ್ಯ ದೂರ ಉಳಿದಾಗ ಆ ರಾಜ್ಯದ ಮತ ಜೆಫರ್ಸನ್ನನಿಗೆ ಹೋಯಿತು. ಹಾಕಿದವನು ಜೈಲಿಗೆ ಹೋಗಿಬಂದ ಲಯನ್!

ಜೆಫರ್ಸನ್ ಅಧಿಕಾರಕ್ಕೆ ಬಂದು ಶಿಕ್ಷೆಗೊಳಗಾದವರನ್ನು ಕ್ಷಮಿಸಿದ. ಆದರೂ ಅವನನ್ನು ಹಳಿದ ಸಂಪಾದಕ ಹ್ಯಾರಿ ಕ್ರಾಸ್ವೆಲ್ಲನ ಮೇಲೆ 1803ರಲ್ಲಿ ನ್ಯೂಯಾರ್ಕಿನಲ್ಲಿ ಮೊಕದ್ದಮೆ ನಡೆಯಿತು. ಮೇಲ್ಮನವಿಯಲ್ಲಿ ಸಂಪಾದಕನ ಪರ ವಾದಿಸಿದವನು ಹ್ಯಾಮಿಲ್ಟನ್. ಕುರ್ಚಿ ಬದಲಾದಾಗ ಮಾತೂ ಬದಲಾಗುವ ಪರಿ ನೋಡಿ. ನಾಲ್ಕು ಕಾಯಿದೆಗಳಲ್ಲಿ ಶತ್ರುದೇಶದವರ ಕುರಿತದ್ದು ಮಾತ್ರ ಇಂದಿಗೂ ಜೀವಂತವಾಗಿದೆ. 2025ರ ಮಾರ್ಚಿನಲ್ಲಿ ವೆನೆಜುವೆಲಾದವರನ್ನು ಹೊರಹಾಕಲು ಅದನ್ನು ಮತ್ತೆ ಬಳಸಿ, ವಿಷಯ ಕೋರ್ಟು ಮೆಟ್ಟಿಲೇರಿತು.

ಲಯನ್ 1822ರಲ್ಲಿ ತೀರಿಕೊಂಡ. 1840ರಲ್ಲಿ ಅಮೆರಿಕದ ಶಾಸನಸಭೆ ಅವನಿಗೆ ಹಾಕಿದ್ದ ದಂಡದ ಹಣವನ್ನು ವಾರಸುದಾರರಿಗೆ ಹಿಂದಿರುಗಿಸಿತು, ಬಡ್ಡಿ ಸಮೇತ.