ಶಿಶುವಿನ ತಲೆಯಲ್ಲಿ ತಡೆದು ನಿಂತ ನೀರು

ತುಂಬುತ್ತಿರುವ ಕೆರೆಯ ಕೋಡಿ ಕಟ್ಟಿಕೊಂಡರೆ ಏರಿಯ ಗತಿ ಏನಾಗುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಕೆಲವು ಶಿಶುಗಳ ತಲೆಯೊಳಗೂ ಇಂತಹುದೇ ವಿಪತ್ತು ಸಂಭವಿಸುತ್ತದೆ. ಅದಕ್ಕೆ ಹೈಡ್ರೊಸೆಫಲಸ್, ಎಂದರೆ ಜಲಮಸ್ತಿಷ್ಕ, ಎಂದು ಹೆಸರು.

ನಮ್ಮ ಮಿದುಳಿನಲ್ಲಿ ನಾಲ್ಕು ಕುಹರಗಳಿವೆ. ಅವುಗಳಲ್ಲಿರುವ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳು ತಿಳಿನೀರಿನಂತಹ ದ್ರವವನ್ನು ಹಗಲಿರುಳೂ ಒಸರುತ್ತಿರುತ್ತವೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರು ದ್ರವ ಉತ್ಪತ್ತಿಯಾಗುತ್ತದೆ. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಇರುವುದು ಸುಮಾರು 150 ಮಿಲಿಲೀಟರು ಮಾತ್ರ. ಉಳಿದುದು ಕುಹರದಿಂದ ಕುಹರಕ್ಕೆ ಹರಿದು, ಮಿದುಳಿನ ಹೊರಮೈಯನ್ನು ಬಳಸಿ, ಕೊನೆಗೆ ರಕ್ತವನ್ನು ಸೇರುತ್ತದೆ. ಈ ದಾರಿ ಕಟ್ಟಿದರೂ ಒಸರುವುದು ನಿಲ್ಲದು. ಆಗ ಕುಹರಗಳು ಹಿಗ್ಗಿ ಮಿದುಳನ್ನು ಒತ್ತುತ್ತವೆ.

ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಅಮೆರಿಕದ ವೈದ್ಯರಾದ ವಾಲ್ಟರ್ ಡ್ಯಾಂಡಿ ಮತ್ತು ಕೆನೆತ್ ಬ್ಲ್ಯಾಕ್‌ಫ್ಯಾನ್. ಮೂರನೆಯ ಮತ್ತು ನಾಲ್ಕನೆಯ ಕುಹರಗಳ ನಡುವಣ ಕಿರುಗಾಲುವೆಯನ್ನು ಅವರು ನಾಯಿಗಳಲ್ಲಿ ಮುಚ್ಚಿದರು; ಅದರ ಹಿಂದಿನ ಕುಹರಗಳು ಉಬ್ಬಿದವು. ಈ ಫಲಿತಾಂಶ 1913ರಲ್ಲಿ ಪ್ರಕಟವಾಯಿತು.

ಹಾಗಾದರೆ ಎಳೆಯ ಶಿಶುವಿನಲ್ಲಿ ತಡೆ ಉಂಟಾಗುವುದು ಹೇಗೆ? ಕೆಲವರಲ್ಲಿ ಆ ಕಿರುಗಾಲುವೆ ಹುಟ್ಟಿನಿಂದಲೇ ಇಕ್ಕಟ್ಟಾಗಿರುತ್ತದೆ. ಗರ್ಭದಲ್ಲಿ ಬೆನ್ನಿನ ನರನಾಳ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ, ಹಿಮ್ಮಿದುಳು ಕತ್ತಿನತ್ತ ಜಾರಿ ದ್ರವದ ದಾರಿಗೆ ಅಡ್ಡವಾಗಬಹುದು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಕುಹರದ ಬಳಿಯ ಕೋಮಲ ರಕ್ತನಾಳಗಳು ಒಡೆದು, ಸೋರಿದ ರಕ್ತವೇ ದಾರಿಯನ್ನು ಕಟ್ಟುವುದುಂಟು. ಮಿದುಳಿನ ಪೊರೆಗಳಿಗೆ ಸೋಂಕು ತಗುಲಿ ವಾಸಿಯಾದ ಮೇಲೂ ಅದರ ಕಲೆ ಉಳಿದು ಹರಿವನ್ನು ತಡೆಯಬಹುದು. ಗಡ್ಡೆಗಳೂ ಕಾರಣವಾಗುತ್ತವೆ. ದ್ರವವೇ ಅತಿಯಾಗಿ ಉತ್ಪತ್ತಿಯಾಗುವುದು ಬಲು ಅಪರೂಪ.

ಶಿಶುವಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಆದುದರಿಂದ ಒಳಗಿನ ಒತ್ತಡಕ್ಕೆ ತಲೆಯೇ ದೊಡ್ಡದಾಗುತ್ತದೆ. ನೆತ್ತಿಯ ಮೆತ್ತನೆಯ ಭಾಗ ಉಬ್ಬುತ್ತದೆ. ಕಣ್ಣಾಲಿಗಳು ಕೆಳಕ್ಕೆ ವಾಲುತ್ತವೆ. ತಲೆಯ ಸುತ್ತಳತೆಯನ್ನು ಆಗಾಗ್ಗೆ ಅಳತೆಪಟ್ಟಿಯಿಂದ ನೋಡುತ್ತಿದ್ದರೆ ಈ ಅಪಾಯ ಬೇಗ ಕಣ್ಣಿಗೆ ಬೀಳುತ್ತದೆ. ಶಸ್ತ್ರವೈದ್ಯರು ಸಣ್ಣ ಕೊಳವೆಯೊಂದನ್ನು ಇರಿಸಿ ದ್ರವವನ್ನು ಹೊಟ್ಟೆಗೆ ಹರಿಯಿಸುತ್ತಾರೆ. ಕೆಲವರಲ್ಲಿ ಮೂರನೆಯ ಕುಹರದ ತಳದಲ್ಲಿ ಹೊಸ ದಾರಿ ತೆರೆಯುತ್ತಾರೆ.

ಕೆಲವು ಕಾರಣಗಳನ್ನು ಮೊದಲೇ ತಡೆಯಲೂ ಸಾಧ್ಯ. ನರನಾಳದ ದೋಷವಿದ್ದ ಗರ್ಭವನ್ನು ಹಿಂದೆ ಧರಿಸಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮುನ್ನವೇ ಫೋಲಿಕ್ ಆಮ್ಲವನ್ನು ಸೇವಿಸಿದಾಗ, ಆ ದೋಷ ಮರುಕಳಿಸುವುದು ಮುಕ್ಕಾಲು ಪಾಲಿನಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಂಶೋಧನೆ ತೋರಿಸಿತು. ಕೂಸಿನ ತಲೆ ಹಿಗ್ಗುವುದು ಯಾರ ದೃಷ್ಟಿಯಿಂದಲೂ ಅಲ್ಲ, ಶಾಪದಿಂದಲೂ ಅಲ್ಲ. ಕಾರಣವನ್ನರಿತ ನಾವು ಹರಕೆಗಳಲ್ಲಿ ದಿನ ಕಳೆಯದೆ ಕೂಸನ್ನು ಬೇಗನೆ ವೈದ್ಯರಲ್ಲಿಗೆ ಒಯ್ಯಬೇಕು. ತಡವಾದಷ್ಟೂ ಮಿದುಳಿಗೆ ಹಾನಿ ಹೆಚ್ಚು.